ನಾಯಿ ಬಾಯಿ ಹಾಕಿದೆ, ಇಂಜೆಕ್ಷನ್ ಬೇಕಾ? ಲೂಯಿ ಪಾಶ್ಚರ್ ಕಥೆ ಕೇಳಿ

ಸಂಜೆ ಆರೂವರೆ. ಒಲೆ ಮೇಲೆ ಸಾರು ಕುದೀತಾ ಇದೆ. ಟ್ಯೂಷನ್‌ಗೆ ಹೋದ ಮಗ ಅಳುಮುಖ ಮಾಡಿಕೊಂಡು ಒಳಗೆ ಬರುತ್ತಾನೆ. ಮೀನಖಂಡದ ಮೇಲೆ ಎರಡು ಸಣ್ಣ ಕೆಂಪು ಗೀರು. ಗದರಿಸಿ ಕೇಳಿದ ಮೇಲೆ ಬಾಯಿ ಬಿಡುತ್ತಾನೆ, ಮೂಲೆ ಅಂಗಡಿ ಹತ್ತಿರ ಮಲಗುವ ನಾಯಿ ಬಾಯಿ ಹಾಕಿತಂತೆ. ರಕ್ತ ಬಂದಿತ್ತೋ ಇಲ್ಲವೋ ಅವನಿಗೂ ಸರಿಯಾಗಿ ಗೊತ್ತಿಲ್ಲ. ಪಕ್ಕದ ಮನೆಯವರು ಅರಿಶಿನ ಹಚ್ಚಿ ಅಂತಾರೆ. ಅತ್ತೆಯವರು ಸುಣ್ಣ ಅಂತಾರೆ. ಯಜಮಾನರಿಗೆ ಫೋನ್ ಮಾಡಿದರೆ ಒಂದು ಟಿ.ಟಿ. ಹಾಕಿಸಿಬಿಡು ಸಾಕು ಅಂತಾರೆ. ಆ ನಾಯಿಯೋ, ಏನೂ ಆಗಿಲ್ಲ ಎಂಬಂತೆ ಅಂಗಡಿ ಮುಂದೆ ಬಾಲ ಅಲ್ಲಾಡಿಸುತ್ತಾ ನಿಂತಿದೆ.

ಈಗ ನಿರ್ಧಾರ ಯಾರದು? ನಿಮ್ಮದೇ. ಮನೆಯಲ್ಲಿ ಆ ಹೊತ್ತಿಗೆ ಇರುವವರು ನೀವು.

ಇಂಥದ್ದೇ ಒಂದು ಸಂಜೆ, 1885ರ ಜುಲೈ 6ರಂದು, ಪ್ಯಾರಿಸ್ಸಿನಲ್ಲಿ ಒಬ್ಬ ಮನುಷ್ಯ ಇದೇ ಪ್ರಶ್ನೆ ಎದುರಿಸಿದ. ಅವನ ಮುಂದೆ ನಾಯಿಯ ಬಾಯಿಗೆ ಸಿಕ್ಕ ಇಬ್ಬರು ನಿಂತಿದ್ದರು. ಒಬ್ಬನಿಗೆ ಲಸಿಕೆ ಹಾಕಿಸಿದ, ಇನ್ನೊಬ್ಬನನ್ನು ಹಾಗೇ ಮನೆಗೆ ಕಳಿಸಿದ. ಯಾಕೆ ಹಾಗೆ ಮಾಡಿದ ಅನ್ನೋದು ಗೊತ್ತಾದರೆ ನಿಮ್ಮ ಪ್ರಶ್ನೆಗೂ ಅರ್ಧ ಉತ್ತರ ಸಿಕ್ಕ ಹಾಗೆ. ಆ ಮನುಷ್ಯ ಲೂಯಿ ಪಾಶ್ಚರ್. ಹೆಸರು ನಿಮಗೆ ಹೊಸದೇನಲ್ಲ, ಬೆಳಿಗ್ಗೆ ಬೆಳಿಗ್ಗೆ ಹಾಲಿನ ಪ್ಯಾಕೆಟ್ ಮೇಲೆ ಪಾಶ್ಚರೀಕರಿಸಿದ ಅಂತ ಓದುತ್ತೀರಲ್ಲ, ಆ ಪಾಶ್ಚರ್.

ಕಮ್ಮಾರನ ಕುಲುಮೆ

ಪಾಶ್ಚರ್ ಹುಟ್ಟಿದ್ದು 1822ರ ಡಿಸೆಂಬರ್ 27ರಂದು, ಫ್ರಾನ್ಸಿನ ಡೋಲ್ ಎಂಬ ಊರಿನಲ್ಲಿ. ಅಪ್ಪ ನೆಪೋಲಿಯನ್ನನ ಸೈನ್ಯದಲ್ಲಿದ್ದವರು, ಆಮೇಲೆ ಚರ್ಮ ಹದ ಮಾಡುವ ಕಸುಬು ಹಿಡಿದರು. ಹುಡುಗ ಬೆಳೆದದ್ದು ಆರ್ಬುವಾ ಎಂಬ ಪುಟ್ಟ ಪಟ್ಟಣದಲ್ಲಿ. ಓದಿನಲ್ಲಿ ಅಂಥ ಚುರುಕೇನಲ್ಲ, ಚಿತ್ರ ಬರೆಯೋದರಲ್ಲಿ ಮಾತ್ರ ಕೈ ಪಳಗಿತ್ತು. ಹದಿಮೂರರ ವಯಸ್ಸಿನಲ್ಲಿ ತನ್ನ ಅಮ್ಮನ ಚಿತ್ರ ಬರೆದಿದ್ದಾನೆ, ಅದು ಇವತ್ತಿಗೂ ಇದೆ.

1831ರಲ್ಲಿ, ಲೂಯಿಗೆ ಇನ್ನೂ ಎಂಟು ವರ್ಷ, ಹುಚ್ಚು ಹಿಡಿದ ತೋಳವೊಂದು ಆ ಸುತ್ತಿನ ಹಳ್ಳಿಗಳಿಗೆ ನುಗ್ಗಿ ಸಿಕ್ಕಸಿಕ್ಕವರನ್ನು ಕಚ್ಚಿತು. ಆಗಿನ ಕಾಲಕ್ಕೆ ಇದ್ದ ಚಿಕಿತ್ಸೆ ಒಂದೇ, ಕಾದ ಕಬ್ಬಿಣದಿಂದ ಗಾಯ ಸುಡುವುದು. ಕಚ್ಚಿಸಿಕೊಂಡವರನ್ನು ಕಮ್ಮಾರನ ಅಂಗಡಿಗೆ ಎಳೆದು ತರುತ್ತಿದ್ದರು. ಅಲ್ಲಿ ಸುಡುವುದನ್ನು ಆ ಹುಡುಗ ಕಂಡ, ಆ ಕೂಗನ್ನು ಕೇಳಿದ. ಸುಡಿಸಿಕೊಂಡವರಲ್ಲೂ ಹಲವರು ಉಳಿಯಲಿಲ್ಲ.

ನಮ್ಮಲ್ಲಿಯೂ ಗಾಯ ಸುಡುವ, ಕಾದ ನಾಣ್ಯ ಒತ್ತುವ, ಮೆಣಸಿನ ಪುಡಿ ತುಂಬುವ, ಎಕ್ಕದ ಹಾಲು ಹಚ್ಚುವ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. ಸಿಟಿಯಲ್ಲಿ ಸ್ವಲ್ಪ ನಾಜೂಕಾಗಿ ಕಾಫಿಪುಡಿ, ಅರಿಶಿನ ಆಗಿದೆ ಅಷ್ಟೇ. ಇವು ಯಾವುವೂ ರೇಬಿಸ್ ವೈರಸ್ಸನ್ನು ತಡೆಯುವುದಿಲ್ಲ. ಸುಡುವಂಥ, ಉರಿಯುವಂಥ ವಸ್ತು ಹಚ್ಚಿದರೆ ಗಾಯ ಇನ್ನಷ್ಟು ಕೆದರಿ ವೈರಸ್ಸಿಗೇ ಅನುಕೂಲ. ಬೇಕಾದದ್ದು ನಿಮ್ಮ ಬಚ್ಚಲುಮನೆಯಲ್ಲೇ ಇದೆ, ನಲ್ಲಿ ನೀರು, ಸೋಪು. ನಲ್ಲಿ ಕೆಳಗೆ ಗಾಯ ಹಿಡಿದು, ಸೋಪು ಹಚ್ಚಿ ತೊಳೆಯುತ್ತಾ ಪೂರ್ತಿ ಹದಿನೈದು ನಿಮಿಷ. ಗಡಿಯಾರ ನೋಡಿಯೇ ತೊಳೆಯಿರಿ, ಯಾಕೆಂದರೆ ಅಳುವ ಮಗುವಿನ ಕಾಲು ಹಿಡಿದುಕೊಂಡಾಗ ಎರಡು ನಿಮಿಷವೇ ಹದಿನೈದು ನಿಮಿಷದ ಹಾಗೆ ಅನ್ನಿಸುತ್ತೆ. ಈ ವೈರಸ್ಸಿಗೆ ಜಿಡ್ಡಿನ ಹೊದಿಕೆ ಇದೆ, ಸೋಪು ಅದನ್ನು ಕರಗಿಸುತ್ತದೆ. ತೊಳೆದ ಮೇಲೆ ಮನೆಯಲ್ಲಿ ಪೊವಿಡೋನ್ ಅಯೋಡಿನ್ ಇದ್ದರೆ ಹಚ್ಚಿ. ಬಿಗಿಯಾಗಿ ಪಟ್ಟಿ ಕಟ್ಟಬೇಡಿ.

ಸರಿ, ಪಾಶ್ಚರ್ ಬದುಕಿಗೆ ಬರೋಣ.

ಅವರು ಡಾಕ್ಟರ್ ಅಲ್ಲ, ಕೆಮಿಸ್ಟ್ರಿ ಮೇಷ್ಟ್ರು. 1849ರಲ್ಲಿ ಸ್ಟ್ರಾಸ್‌ಬರ್ಗ್ ಪಟ್ಟಣದಲ್ಲಿದ್ದಾಗ ಅಲ್ಲಿನ ವಿದ್ಯಾಸಂಸ್ಥೆಯ ಮುಖ್ಯಸ್ಥರ ಮಗಳು ಮರೀ ಲೋರಾಳನ್ನು ಮದುವೆಯಾದರು. ಈ ಮರೀ ಬಗ್ಗೆ ನಾಲ್ಕು ಮಾತು ಹೇಳದೆ ಮುಂದೆ ಹೋದರೆ ತಪ್ಪಾದೀತು. ಗಂಡ ಹೇಳಿದ್ದನ್ನು ಬರೆದುಕೊಳ್ಳೋದು, ಕರಡು ತಿದ್ದಿ ಅಂದವಾಗಿ ನಕಲು ಮಾಡೋದು, ಅವರ ಪ್ರಯೋಗ ಅರ್ಥವಾಗುವವರೆಗೂ ಪ್ರಶ್ನೆ ಕೇಳೋದು, ಇವೆಲ್ಲ ಅವಳ ರಾತ್ರಿ ಕೆಲಸ. ಹಗಲಿಗೆ ಮನೆ, ಮಕ್ಕಳು. ಪುಸ್ತಕಗಳಲ್ಲಿ ಅವಳಿಗೆ ಸಿಗುವ ಜಾಗ ಒಂದೆರಡು ಸಾಲು ಅಷ್ಟೇ.

ಐದು ಮಕ್ಕಳು ಹುಟ್ಟಿದವು. ಮೊದಲ ಮಗಳು ಜೀನ್ 1859ರಲ್ಲಿ ಟೈಫಾಯ್ಡ್‌ನಿಂದ ತೀರಿಕೊಂಡಳು, ಒಂಬತ್ತು ವರ್ಷ. 1865ರಲ್ಲಿ ಎರಡು ವರ್ಷದ ಕಮೀಲ್ ಹೋದಳು. ಮರುವರ್ಷ ಹನ್ನೆರಡು ವರ್ಷದ ಸೆಸೀಲ್, ಅವಳಿಗೂ ಟೈಫಾಯ್ಡ್. ಉಳಿದದ್ದು ಮಗ ಜಾನ್ ಬ್ಯಾಪ್ಟಿಸ್ಟ್, ಮಗಳು ಮರೀ ಲೂಯಿಸ್. ಕಣ್ಣಿಗೆ ಕಾಣದ ಜೀವಿಗಳು ಕಾಯಿಲೆ ತರುತ್ತವೆ ಎಂದು ಜಗತ್ತಿಗೆ ಸಾರಿ ಹೇಳಿದ ಮನುಷ್ಯನ ಮನೆಯಲ್ಲೇ ಹೀಗೆ. ಅವರು ಊಟದ ಮೇಜಿನಲ್ಲಿ ತಟ್ಟೆ, ಲೋಟ ಎಲ್ಲ ಒರೆಸಿ ಒರೆಸಿ ನೋಡುತ್ತಿದ್ದರು, ಬ್ರೆಡ್ಡನ್ನು ಮುರಿದು ಮುರಿದು ಪರೀಕ್ಷಿಸುತ್ತಿದ್ದರು, ಕೈ ಕುಲುಕಲು ಹಿಂದೆ ಮುಂದೆ ನೋಡುತ್ತಿದ್ದರು ಎಂದು ಹತ್ತಿರದವರು ಬರೆದಿದ್ದಾರೆ. ಮೂರು ಮಕ್ಕಳನ್ನು ಮಣ್ಣು ಮಾಡಿದ ಅಪ್ಪನಿಗೆ ಅಷ್ಟು ಮಡಿ ಬಂದರೆ ಆಶ್ಚರ್ಯ ಏನಿಲ್ಲ ಬಿಡಿ.

ಅವರ ಕೆಲಸದ ಪಟ್ಟಿ ದೊಡ್ಡದು, ಇಲ್ಲಿ ಎಲ್ಲ ಹೇಳಲು ಹೋಗುವುದಿಲ್ಲ. ವೈನ್ ಯಾಕೆ ಹುಳಿಯಾಗುತ್ತದೆ ಎಂದು ಹುಡುಕಿ, ಹದವಾಗಿ ಬಿಸಿ ಮಾಡಿದರೆ ಕೆಡಿಸುವ ಸೂಕ್ಷ್ಮಜೀವಿ ಸಾಯುತ್ತದೆ ಎಂದು 1860ರ ದಶಕದಲ್ಲಿ ತೋರಿಸಿದರು. ಅದೇ ಉಪಾಯ ಆಮೇಲೆ ಹಾಲಿಗೆ ಬಂತು. ನಮ್ಮ ಕರ್ನಾಟಕಕ್ಕೆ ಇನ್ನೂ ಹತ್ತಿರದ ಕೆಲಸವೆಂದರೆ ರೇಷ್ಮೆ ಹುಳುವಿನದು. 1865ರಿಂದ ಐದು ವರ್ಷ ದಕ್ಷಿಣ ಫ್ರಾನ್ಸಿನ ಅಲೆಸ್ ಎಂಬಲ್ಲಿ ಪೆಬ್ರಿನ್ ರೋಗದ ಬೆನ್ನು ಹತ್ತಿದರು. ಹುಳು ಸಾಕಿದವರು ಯಾರು ಗೊತ್ತಾ? ಹೆಂಡತಿ ಮರೀ ಮತ್ತು ಮಗಳು ಮರೀ ಲೂಯಿಸ್! ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗ ಇದ್ದರೆ ಅದರ ಮೊಟ್ಟೆ ಸುಟ್ಟುಬಿಡಿ ಎಂಬ ಅವರ ಕ್ರಮ ನಮ್ಮ ರೇಷ್ಮೆ ಮೊಟ್ಟೆ ಕೇಂದ್ರಗಳಲ್ಲಿ ಇವತ್ತಿಗೂ ನಡೆಯುತ್ತದೆ. ನೀವು ಮದುವೆಮನೆಗೆ ಉಡುವ ಮೈಸೂರು ಸಿಲ್ಕ್ ಸೀರೆಯ ಹಿಂದೆಯೂ ಈ ಮನುಷ್ಯ ಇದ್ದಾನೆ ಅನ್ನಿ.

1868ರ ಅಕ್ಟೋಬರಿನಲ್ಲಿ ಪಾರ್ಶ್ವವಾಯು ಬಡಿಯಿತು. ಆಗ ವಯಸ್ಸು ನಲವತ್ತೈದು. ಎಡಗೈ, ಎಡಗಾಲು ಮೊದಲಿನ ಹಾಗೆ ಆಗಲೇ ಇಲ್ಲ. ಅಲ್ಲಿಂದ ಮುಂದೆ ನಾಜೂಕಿನ ಪ್ರಯೋಗಗಳಿಗೆಲ್ಲ ಬೇರೆಯವರ ಕೈ ಬೇಕಾಯಿತು. ವಿಚಿತ್ರ ಎಂದರೆ, ಹೆಸರು ಮಾಡಿದ ಲಸಿಕೆಗಳೆಲ್ಲ ಬಂದದ್ದು ಆಮೇಲೆಯೇ. ಕೋಳಿ ಕಾಲರಾ, 1881ರಲ್ಲಿ ಕುರಿಗಳಿಗೆ ಆಂತ್ರಾಕ್ಸ್, ನಂತರ ರೇಬಿಸ್.

ರೇಬಿಸ್ ವಿಷಯದಲ್ಲಿ ಅವರಿಗೆ ಒಂದು ದೊಡ್ಡ ತೊಡಕಿತ್ತು. ರೋಗಾಣು ಸೂಕ್ಷ್ಮದರ್ಶಕಕ್ಕೆ ಕಾಣಿಸುತ್ತಲೇ ಇರಲಿಲ್ಲ, ವೈರಸ್ ಅಷ್ಟು ಸಣ್ಣದು. ಕಾಣದ ಶತ್ರುವನ್ನು ಮೊಲದ ಮಿದುಳಿನಲ್ಲಿ ಬೆಳೆಸಿದರು. ಸಹಾಯಕ ಎಮಿಲ್ ರೂ ಈ ಕೆಲಸದಲ್ಲಿ ಬಲಗೈ. ರೋಗದಿಂದ ಸತ್ತ ಮೊಲದ ಬೆನ್ನುಹುರಿಯ ತುಂಡನ್ನು ತೇವ ಹೀರುವ ಪೊಟ್ಯಾಷ್ ಹಾಕಿದ ಸೀಸೆಯಲ್ಲಿ ತೂಗುಬಿಟ್ಟು ಒಣಗಿಸಿದರು. ದಿನ ಕಳೆದಂತೆ ಅದರೊಳಗಿನ ವಿಷ ಇಳಿಯುತ್ತಾ ಹೋಗುತ್ತದೆ, ಹದಿನಾಲ್ಕು ಹದಿನೈದು ದಿನಕ್ಕೆ ಹೆಚ್ಚುಕಡಿಮೆ ಸತ್ವವೇ ಇಲ್ಲ. ಮೊದಲು ಹಳೆಯದು, ಆಮೇಲೆ ಸ್ವಲ್ಪ ಹೊಸದು, ಹೀಗೆ ದಿನಕ್ಕೊಂದು ಹೆಜ್ಜೆ ಏರುತ್ತಾ ಕೊಟ್ಟರೆ ದೇಹ ಎದುರಿಸಲು ಕಲಿಯುತ್ತದೆ ಎಂಬುದು ಲೆಕ್ಕ. ಕಚ್ಚಿದ ಮೇಲೂ ಲಸಿಕೆ ಕೆಲಸ ಮಾಡುತ್ತೆ ಅಂತ ಅವರಿಗೆ ಹೊಳೆದದ್ದು ಹೇಗೆ? ರೇಬಿಸ್ ವೈರಸ್ ರಕ್ತದಲ್ಲಿ ಓಡುವುದಿಲ್ಲ, ನರಗಳ ದಾರಿ ಹಿಡಿದು ನಿಧಾನಕ್ಕೆ ಮಿದುಳಿನ ಕಡೆ ಹೋಗುತ್ತದೆ. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು, ಕೆಲವೊಮ್ಮೆ ಒಂದೇ ವಾರ, ಅಪರೂಪಕ್ಕೆ ವರ್ಷಕ್ಕೂ ಹೆಚ್ಚು. ಅದು ಮಿದುಳು ಮುಟ್ಟುವ ಮೊದಲು ಲಸಿಕೆ ದೇಹವನ್ನು ತಯಾರು ಮಾಡಿದರೆ ನಾವು ಗೆದ್ದೆವು. ಮುಟ್ಟಿ ಲಕ್ಷಣ ಶುರುವಾಯಿತೋ, ಬದುಕಿದವರು ಜಗತ್ತಿನಲ್ಲೇ ಬೆರಳೆಣಿಕೆ.

ಹುಡುಗ ಮತ್ತು ನಾಯಿಯ ಯಜಮಾನ

ಈಗ ಆ ಸಂಜೆಗೆ ಬನ್ನಿ. ಅಲ್ಸಾಸ್ ಪ್ರಾಂತ್ಯದ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್, ಅವನ ಅಮ್ಮ, ಜೊತೆಗೆ ನಾಯಿಯ ಯಜಮಾನ ತಿಯೋಡೋರ್ ವೋನ್ ಎಂಬ ದಿನಸಿ ಅಂಗಡಿಯವನು. ಜುಲೈ 4ರ ಬೆಳಿಗ್ಗೆ ನಾಯಿ ಹುಡುಗನನ್ನು ಕೆಡವಿ ಕೈ, ಕಾಲು, ತೊಡೆಯ ಮೇಲೆಲ್ಲ ಕಚ್ಚಿತ್ತು. ಹದಿನಾಲ್ಕು ಗಾಯ. ಗಾಯಕ್ಕೆ ಕಾರ್ಬಾಲಿಕ್ ಆಸಿಡ್ ಬಿದ್ದದ್ದು ಹನ್ನೆರಡು ತಾಸಿನ ಮೇಲೆ. ಅದೇ ನಾಯಿ ಯಜಮಾನನ ತೋಳಿಗೂ ಬಾಯಿ ಹಾಕಿತ್ತು. ಅವನು ಅದನ್ನು ಕೊಂದುಬಿಟ್ಟ. ಕೊಯ್ದು ನೋಡಿದಾಗ ಹೊಟ್ಟೆಯಲ್ಲಿ ಹುಲ್ಲು, ಕಟ್ಟಿಗೆ ಚೂರು ಸಿಕ್ಕವು, ಹಾಗಾಗಿ ಹುಚ್ಚುನಾಯಿ ಎಂದು ತೀರ್ಮಾನಿಸಿದರು.

ಪಾಶ್ಚರ್ ಮೊದಲು ವೋನ್‌ನ ತೋಳು ನೋಡಿದರು. ಕಂದಿದ ಗುರುತು ಇತ್ತು, ಆದರೆ ಹಲ್ಲು ಅಂಗಿಯನ್ನೇ ದಾಟಿರಲಿಲ್ಲ, ಚರ್ಮ ಒಡೆದಿರಲಿಲ್ಲ. ನಿನಗೆ ಭಯವಿಲ್ಲ ಎಂದು ಅವತ್ತೇ ಊರಿಗೆ ಕಳಿಸಿದರು. ಹುಡುಗನ ವಿಷಯದಲ್ಲಿ ಅಷ್ಟು ಸುಲಭವಿರಲಿಲ್ಲ. ವುಲ್ಪಿಯಾನ್, ಗ್ರಾಂಶೆ ಎಂಬ ಇಬ್ಬರು ವೈದ್ಯರನ್ನು ಕರೆದು ತೋರಿಸಿದರು. ಇಷ್ಟು ಆಳದ ಗಾಯಗಳಿಗೆ ಸಾವು ಹೆಚ್ಚುಕಡಿಮೆ ಖಚಿತ ಎಂದು ಇಬ್ಬರೂ ಒಪ್ಪಿದರು. ಅವತ್ತು ರಾತ್ರಿಯೇ ಡಾಕ್ಟರ್ ಗ್ರಾಂಶೆ ಮೊದಲ ಇಂಜೆಕ್ಷನ್ ಕೊಟ್ಟರು, ಹೊಟ್ಟೆಯ ಮೇಲ್ಭಾಗದ ಚರ್ಮದ ಮಡಿಕೆಗೆ. ಹದಿನೈದು ದಿನ ಒಣಗಿದ ಬೆನ್ನುಹುರಿಯಿಂದ ಶುರು, ಹತ್ತು ದಿನದಲ್ಲಿ ಒಟ್ಟು ಹದಿಮೂರು. ಕೊನೆಯದು ಒಂದೇ ದಿನ ಹಿಂದಿನದು, ಅಂದರೆ ಪೂರ್ತಿ ವಿಷ ಇರುವಂಥದ್ದು.

ಹುಡುಗ ಪ್ರಯೋಗಶಾಲೆಯ ಮೊಲ, ಗಿನಿಯಿಲಿಗಳ ಜೊತೆ ಆಡಿಕೊಂಡು ಹಾಯಾಗಿದ್ದ. ಪಾಶ್ಚರ್ ನಿದ್ದೆಗೆಟ್ಟು ಒದ್ದಾಡಿದರು. ನಾನು ಯಾವಾಗಲೂ ಯೋಚಿಸುವುದು ಮರೀ ಬಗ್ಗೆ. ಜೋಸೆಫ್‌ಗೆ ಒಂಬತ್ತು, ಅವಳ ಜೀನ್ ಹೋದದ್ದೂ ಒಂಬತ್ತಕ್ಕೇ. ರಾತ್ರಿ ಗಂಡ ಹೊರಳಾಡುವಾಗ ಅವಳಿಗೆ ಏನೇನು ನೆನಪಾಗಿರಬಹುದು, ನೀವೇ ಊಹಿಸಿ.

ಜೋಸೆಫ್ ಬದುಕಿದ.

ಈಗ ನಿಮ್ಮ ಮಗನ ಕಾಲು ನೋಡಿ. ಇವತ್ತಿನ ಡಾಕ್ಟರುಗಳು ಕೇಳುವುದೂ ಪಾಶ್ಚರ್ ನೋಡಿದ್ದನ್ನೇ, ಚರ್ಮ ಒಡೆದಿದೆಯಾ? ನಾಯಿಯನ್ನು ಮುಟ್ಟಿದ, ಊಟ ಹಾಕಿದ, ಗಾಯವಿಲ್ಲದ ಚರ್ಮವನ್ನು ಅದು ನೆಕ್ಕಿತು, ಇಷ್ಟೇ ಆಗಿದ್ದರೆ ತೊಳೆದರೆ ಸಾಕು, ಇಂಜೆಕ್ಷನ್ ಬೇಡ. ಇದು ಮೊದಲ ದರ್ಜೆ. ಬಟ್ಟೆ ಇಲ್ಲದ ಕಡೆ ಹಲ್ಲು ತಾಗಿಸಿದೆ, ರಕ್ತ ಬಾರದ ಸಣ್ಣ ತರಚು ಇದೆ ಎಂದರೆ ಎರಡನೇ ದರ್ಜೆ, ಲಸಿಕೆ ಬೇಕೇ ಬೇಕು. ಹಲ್ಲು ಚರ್ಮದ ಒಳಗೆ ಇಳಿದಿದೆ, ರಕ್ತ ಬಂದಿದೆ, ಮೊದಲೇ ಇದ್ದ ಗಾಯವನ್ನು ಅಥವಾ ಬಾಯಿ, ಕಣ್ಣನ್ನು ನೆಕ್ಕಿದೆ ಎಂದರೆ ಮೂರನೇ ದರ್ಜೆ. ಆಗ ಲಸಿಕೆಯ ಜೊತೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಸೀರಮ್ಮೂ ಬೇಕು. ಇದನ್ನು ಗಾಯದ ಒಳಗೆ, ಸುತ್ತಮುತ್ತಲೇ ಚುಚ್ಚುತ್ತಾರೆ. ಲಸಿಕೆ ದೇಹದಲ್ಲಿ ಪ್ರತಿರೋಧ ಹುಟ್ಟಿಸಲು ಒಂದೆರಡು ವಾರ ತೆಗೆದುಕೊಳ್ಳುತ್ತದೆ, ಅಷ್ಟರವರೆಗೆ ಕಾವಲಿಗೆ ಈ ರೆಡಿಮೇಡ್ ಸೀರಮ್. ಎಷ್ಟೋ ಸಲ ಲಸಿಕೆ ಆಗುತ್ತೆ, ಸೀರಮ್ ಮಾತ್ರ ಬಿಟ್ಟುಹೋಗುತ್ತೆ. ರಕ್ತ ಬಂದಿತ್ತು ಎಂದು ನೀವೇ ಡಾಕ್ಟರಿಗೆ ಹೇಳಿ, ಸೀರಮ್ ಬೇಕಾ ಎಂದು ನೀವೇ ಬಾಯಿಬಿಟ್ಟು ಕೇಳಿ. ಮೊದಲ ದಿನ ಸಿಗದಿದ್ದರೆ ಏಳು ದಿನದ ಒಳಗೆ ಹಾಕಿಸಬಹುದು.

ವೋನ್‌ನ ಅಂಗಿಯ ಲೆಕ್ಕವನ್ನು ಕಣ್ಣುಮುಚ್ಚಿ ಅನುಸರಿಸಬೇಡಿ. ಬಟ್ಟೆ ಹರಿದಿಲ್ಲ ಎಂದು ಸಮಾಧಾನ ಪಟ್ಟುಕೊಳ್ಳದೆ, ಪ್ಯಾಂಟ್ ತೆಗೆಸಿ, ಒಳ್ಳೆ ಬೆಳಕಿನಲ್ಲಿ ಚರ್ಮವನ್ನೇ ನೋಡಿ. ತೆಳು ಬಟ್ಟೆಯ ಮೇಲಿಂದಲೂ ಚರ್ಮ ತರಚಿರುತ್ತದೆ. ಗೀರು ಇದೆಯೋ ಇಲ್ಲವೋ ಎಂದು ಅನುಮಾನ ಬಂದರೆ ಇದೆ ಎಂದೇ ಲೆಕ್ಕ ಹಿಡಿಯಿರಿ.

ಇನ್ನೊಂದು ವಿಷಯ. ವೋನ್ ನಾಯಿಯನ್ನು ಕೊಂದದ್ದರಿಂದ ಅದಕ್ಕೆ ನಿಜಕ್ಕೂ ರೇಬಿಸ್ ಇತ್ತಾ ಎಂಬುದು ಖಚಿತವಾಗಲೇ ಇಲ್ಲ. ಹೊಟ್ಟೆಯೊಳಗಿನ ಹುಲ್ಲು ಸಾಕ್ಷಿಯಲ್ಲ. ಹುಚ್ಚುನಾಯಿ ಕಚ್ಚಿದವರಿಗೆಲ್ಲ ರೋಗ ಬರುತ್ತದೆಂದೂ ಅಲ್ಲ. ಪಾಶ್ಚರ್‌ರ ಟಿಪ್ಪಣಿ ಪುಸ್ತಕಗಳನ್ನು ಅವರ ಮೊಮ್ಮಗ 1964ರಲ್ಲಿ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಕೊಟ್ಟರು. ಅವನ್ನು ಓದಿದ ಇತಿಹಾಸಕಾರರು, ಜೋಸೆಫ್‌ಗೆ ಕೊಟ್ಟ ಕ್ರಮವನ್ನು ನಾಯಿಗಳ ಮೇಲೆ ಅವರು ಹೇಳಿಕೊಂಡಷ್ಟು ಪರೀಕ್ಷಿಸಿಯೇ ಇರಲಿಲ್ಲ ಎಂದು ತೋರಿಸಿದ್ದಾರೆ. ದೊಡ್ಡವರ ಬದುಕಿನಲ್ಲಿ ಇದನ್ನೂ ಹೇಳಬೇಕು. ಆದರೂ ಆ ರಾತ್ರಿ ಸುಮ್ಮನೆ ಕೂತಿದ್ದರೆ ಅಂತ ಕೇಳಿದರೆ, ನನ್ನ ಮನಸ್ಸು ಅವರ ಪಕ್ಷವೇ.

ನಾಯಿಯನ್ನು ಹೊಡೆದು ಸಾಯಿಸಬಾರದು ಎನ್ನುವುದಕ್ಕೆ ಇನ್ನೊಂದು ಕಾರಣ, ಅದು ಬದುಕಿದ್ದರೆ ನಮಗೇ ಉಪಯೋಗ. ರೇಬಿಸ್ ಇರುವ ನಾಯಿಯ ಜೊಲ್ಲಿನಲ್ಲಿ ವೈರಸ್ ಕಾಣಿಸಿಕೊಳ್ಳುವುದು ಅದಕ್ಕೆ ಲಕ್ಷಣ ಬರುವ ಕೆಲವೇ ದಿನ ಮೊದಲು. ಆದ್ದರಿಂದ ಕಚ್ಚಿದ ನಾಯಿ ಹತ್ತು ದಿನ ಆದಮೇಲೂ ಚೆನ್ನಾಗಿ ಓಡಾಡಿಕೊಂಡಿದ್ದರೆ ಕಚ್ಚಿದ ದಿನ ಅದರ ಜೊಲ್ಲಿನಲ್ಲಿ ವೈರಸ್ ಇರಲಿಲ್ಲ ಎಂದರ್ಥ. ಆಗ ಉಳಿದ ಡೋಸುಗಳ ಲೆಕ್ಕವನ್ನು ಡಾಕ್ಟರು ಬದಲಿಸಬಹುದು. ಇಲ್ಲೇ ಎಲ್ಲರೂ ಎಡವೋದು! ಹತ್ತು ದಿನ ನಾಯಿ ನೋಡಿ, ಆಮೇಲೆ ಇಂಜೆಕ್ಷನ್ ವಿಚಾರ ಮಾಡೋಣ ಅಂತ ಕೂರುತ್ತಾರೆ. ಹಾಗಲ್ಲ. ಇಂಜೆಕ್ಷನ್ ಇವತ್ತೇ ಶುರು, ನಾಯಿ ನೋಡೋದು ಜೊತೆಜೊತೆಗೆ. ಈ ಹತ್ತು ದಿನದ ಲೆಕ್ಕ ನಾಯಿ, ಬೆಕ್ಕಿಗೆ ಮಾತ್ರ, ಕೋತಿಗಲ್ಲ. ಬಾಲ ಅಲ್ಲಾಡಿಸುತ್ತಿದೆ, ನೀರು ಕುಡಿಯುತ್ತಿದೆ, ಮರಿ ನಾಯಿ, ಸಾಕಿದ ನಾಯಿ, ಅದಕ್ಕೆ ಲಸಿಕೆ ಆಗಿದೆಯಂತೆ, ಇವುಗಳಲ್ಲಿ ಯಾವುದೂ ಆಸ್ಪತ್ರೆಗೆ ಹೋಗದೆ ಇರಲು ಕಾರಣವಲ್ಲ. ಬೆಕ್ಕು ಪರಚಿದರೂ ಇದೇ ನಿಯಮ. ಮನೆಯ ಇಲಿ ಕಚ್ಚಿದರೆ ಮಾತ್ರ ಸಾಮಾನ್ಯವಾಗಿ ರೇಬಿಸ್ ಲಸಿಕೆ ಬೇಕಾಗುವುದಿಲ್ಲ, ಆದರೂ ಡಾಕ್ಟರಿಗೆ ತೋರಿಸಿ.

ತಡವಾಗಿ ಬಂದ ಹುಡುಗಿ

ಜೋಸೆಫ್ ಆದ ಮೇಲೆ ಅಕ್ಟೋಬರ್ 20ರಂದು ಜಾನ್ ಬ್ಯಾಪ್ಟಿಸ್ಟ್ ಜುಪಿಲ್ ಎಂಬ ಹದಿನೈದರ ಕುರುಬರ ಹುಡುಗನಿಗೆ ಚಿಕಿತ್ಸೆ ಶುರುವಾಯಿತು. ಚಿಕ್ಕ ಹುಡುಗರ ಮೇಲೆ ಹುಚ್ಚುನಾಯಿ ಎರಗಿದಾಗ ಇವನು ಅಡ್ಡ ಬಂದು, ಚಾವಟಿಯಿಂದ ಅದರ ಮೂತಿ ಕಟ್ಟಿ, ತನ್ನ ಮರದ ಪಾದರಕ್ಷೆಯಿಂದ ಬಡಿದಿದ್ದ. ಕಚ್ಚಿ ಆರು ದಿನ ಆಗಿತ್ತು. ಅವನೂ ಉಳಿದ. ಪ್ಯಾರಿಸ್ಸಿನ ಪಾಶ್ಚರ್ ಇನ್ಸ್ಟಿಟ್ಯೂಟ್ ಅಂಗಳದಲ್ಲಿ ಅವನ ಪ್ರತಿಮೆ ಇದೆ.

ಆದರೆ ಲೂಯಿಸ್ ಪೆಲೆಟಿಯೆ ಎಂಬ ಹತ್ತು ವರ್ಷದ ಹುಡುಗಿಯ ಹೆಸರು ಅಷ್ಟಾಗಿ ಯಾರಿಗೂ ನೆನಪಿಲ್ಲ. ಅವಳಿಗೆ ದೊಡ್ಡ ನಾಯಿಯೊಂದು ಅಕ್ಟೋಬರ್ 3ರಂದು ತಲೆಗೆ ಕಚ್ಚಿತ್ತು. ಅಪ್ಪ ಅಮ್ಮ ಅವಳನ್ನು ಪಾಶ್ಚರ್ ಬಳಿ ತಂದದ್ದು ನವೆಂಬರ್ 9ರಂದು. ಮೂವತ್ತೇಳು ದಿನ! ತಲೆಯ ಗಾಯ, ಮಿದುಳಿಗೆ ನರದ ದಾರಿ ತೀರಾ ಹತ್ತಿರ. ತಡವಾಗಿದೆ ಎಂದು ಅವರಿಗೆ ಗೊತ್ತಿತ್ತು. ಅವಳು ಸತ್ತರೆ ಹೊಸ ಲಸಿಕೆಗೇ ಕೆಟ್ಟ ಹೆಸರು, ವಿರೋಧಿಗಳು ಕಾದು ಕೂತಿದ್ದರು. ಬೇಡ ಅನ್ನಬಹುದಿತ್ತು, ಅನ್ನಲಿಲ್ಲ. ಡಿಸೆಂಬರ್ ಮೊದಲಲ್ಲಿ ಹುಡುಗಿ ತೀರಿಕೊಂಡಳು. ಪಾಶ್ಚರ್ ಅವಳ ಹಾಸಿಗೆ ಪಕ್ಕದಲ್ಲಿ ಕೂತು, ಹೊರಬಂದು ಮೆಟ್ಟಿಲ ಮೇಲೆ ಅತ್ತರಂತೆ. ನನಗೆ ಕೇಳಿದರೆ, ಜೋಸೆಫ್‌ನನ್ನು ಉಳಿಸಿದ್ದಕ್ಕಿಂತ ಈ ಹುಡುಗಿಯನ್ನು ವಾಪಸ್ ಕಳಿಸದೆ ಇದ್ದದ್ದೇ ದೊಡ್ಡದು.

ನೀವು ಗಮನಿಸಬೇಕಾದದ್ದು ಎರಡು. ತಲೆ, ಮುಖ, ಕುತ್ತಿಗೆ, ಕೈಬೆರಳು, ಈ ಜಾಗಗಳಿಗೆ ಕಚ್ಚಿದರೆ ಸಾರು ಒಲೆಯ ಮೇಲೇ ಇರಲಿ, ಗ್ಯಾಸ್ ಆರಿಸಿ ಹೊರಡಿ. ಸಣ್ಣ ಮಕ್ಕಳ ಎತ್ತರಕ್ಕೆ ನಾಯಿಯ ಬಾಯಿ ಸಿಗೋದೇ ಅಲ್ಲಿ. ಎರಡನೆಯದು, ಕಚ್ಚಿ ವಾರವಾಗಿದೆ, ತಿಂಗಳಾಗಿದೆ, ಇನ್ನೇನು ಪ್ರಯೋಜನ ಎಂದು ಬಿಡಬೇಡಿ. ಲಕ್ಷಣ ಶುರುವಾಗಿಲ್ಲ ಎಂದರೆ ಇವತ್ತಾದರೂ ಹಾಕಿಸಬೇಕು. ಮಕ್ಕಳು ಬೈಗುಳಕ್ಕೆ, ಸೂಜಿಗೆ ಹೆದರಿ ಹೇಳುವುದೇ ಇಲ್ಲ. ಬೇಸಿಗೆ ರಜೆಯಲ್ಲಿ ಹಳ್ಳಿಗೆ ಹೋಗಿ ಬಂದ ಮಗುವಿಗೆ ಸ್ನಾನ ಮಾಡಿಸುವಾಗ ಹೊಸ ಗೀರು ಕಂಡರೆ ಮೆತ್ತಗೆ ಕೇಳಿ. ಮನೆಗೆಲಸದವಳ ಕಾಲಿಗೆ ಬಟ್ಟೆ ಸುತ್ತಿದ್ದು ಕಂಡರೆ ಅದನ್ನೂ ಕೇಳಿ, ಅರ್ಧ ದಿನ ರಜೆ ಕೊಟ್ಟು ಸರಕಾರಿ ಆಸ್ಪತ್ರೆಗೆ ಕಳಿಸಿ.

1886ರ ಮಾರ್ಚ್ ಹೊತ್ತಿಗೆ ಪಾಶ್ಚರ್ ಬಳಿ ಚಿಕಿತ್ಸೆ ಪಡೆದವರು 350 ಮಂದಿ. ಸತ್ತದ್ದು ಲೂಯಿಸ್ ಒಬ್ಬಳೇ. ಅಮೆರಿಕದಿಂದ ನಾಲ್ಕು ಮಕ್ಕಳು ಹಡಗಿನಲ್ಲಿ ಬಂದರು. ರಷ್ಯಾದ ಸ್ಮೋಲೆನ್ಸ್ಕ್‌ನಿಂದ ತೋಳ ಕಚ್ಚಿದ ಹತ್ತೊಂಬತ್ತು ಮಂದಿ ಬಂದರು, ಮೂವರು ತೀರಿಕೊಂಡರು, ಹದಿನಾರು ಮಂದಿ ಊರಿಗೆ ಮರಳಿದರು. ಜನರಿಂದ ಚಂದಾ ಎತ್ತಿ ಕಟ್ಟಿದ ಪಾಶ್ಚರ್ ಇನ್ಸ್ಟಿಟ್ಯೂಟ್ 1888ರ ನವೆಂಬರ್ 14ರಂದು ಬಾಗಿಲು ತೆರೆಯಿತು. ಅಷ್ಟರಲ್ಲಿ ಅವರ ಆರೋಗ್ಯ ಸಾಕಷ್ಟು ಕೆಟ್ಟಿತ್ತು. 1895ರ ಸೆಪ್ಟೆಂಬರ್ 28ರಂದು ತೀರಿಕೊಂಡರು. ಆ ತಾರೀಖನ್ನೇ ಈಗ ವಿಶ್ವ ರೇಬಿಸ್ ದಿನ ಎಂದು ಆಚರಿಸುತ್ತಾರೆ. ಸಮಾಧಿ ಅದೇ ಸಂಸ್ಥೆಯ ನೆಲಮಾಳಿಗೆಯಲ್ಲಿ, 1910ರಲ್ಲಿ ತೀರಿಕೊಂಡ ಮರೀಯದ್ದೂ ಅಲ್ಲೇ. ಜೋಸೆಫ್ ಮೈಸ್ಟರ್ ದೊಡ್ಡವನಾಗಿ ಆ ಸಂಸ್ಥೆಯಲ್ಲೇ ಬಾಗಿಲು ಕಾಯುವ ಕೆಲಸ ಮಾಡಿದ, 1940ರ ತನಕ, ಸಾಯುವವರೆಗೂ.

ನಮ್ಮ ದೇಶಕ್ಕೆ ಈ ಚಿಕಿತ್ಸೆ ಬಂದದ್ದು 1900ರಲ್ಲಿ, ಕಸೌಲಿಯಲ್ಲಿ. ದಕ್ಷಿಣದವರಿಗೆ 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಸಂಸ್ಥೆ ಶುರುವಾಯಿತು. ಕಸೌಲಿಯಲ್ಲಿ ಸೆಂಪಲ್ ಎಂಬ ಅಧಿಕಾರಿ ಕುರಿಯ ಮಿದುಳಿನಿಂದ ಲಸಿಕೆ ಮಾಡುವ ವಿಧಾನ ಕಂಡುಹಿಡಿದರು. ಹೊಕ್ಕಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಅಂತ ನಮ್ಮ ಅಮ್ಮಂದಿರು ಹೆದರಿಸುತ್ತಿದ್ದರಲ್ಲ, ಅದೇ ಇದು. ಆ ಲಸಿಕೆ 2005ರ ಹೊತ್ತಿಗೆ ಇಲ್ಲಿ ಪೂರ್ತಿ ನಿಂತುಹೋಯಿತು. ಆ ಹೆದರಿಕೆ ಮಾತ್ರ ನಿಂತಿಲ್ಲ, ಈಗಲೂ ಎಷ್ಟೋ ಜನ ಹೊಟ್ಟೆಗೆ ಚುಚ್ಚುತ್ತಾರೆ ಎಂದು ಆಸ್ಪತ್ರೆ ಕಡೆ ತಲೆ ಹಾಕುವುದಿಲ್ಲ.

ಈಗಿನದು ತೋಳಿಗೆ, ಎಳೆ ಮಕ್ಕಳಿಗೆ ತೊಡೆಗೆ. ಕುಂಡೆಗೆ ಹಾಕಬಾರದು, ಅಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಮಾಂಸಖಂಡಕ್ಕೆ ಕೊಡುವುದಾದರೆ ಐದು ಡೋಸ್. ಮೊದಲ ದಿನವನ್ನು ಸೊನ್ನೆ ಎಂದು ಹಿಡಿದು 3, 7, 14, 28ನೇ ದಿನ. ಸರಕಾರಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಚರ್ಮದೊಳಗೆ ಕೊಡುತ್ತಾರೆ, ಪ್ರತಿ ಸಲ ಎರಡು ಕಡೆ ಸಣ್ಣ ಚುಚ್ಚು, 0, 3, 7, 28ನೇ ದಿನ. ಎರಡೂ ಒಳ್ಳೆಯದೇ. ಟಿ.ಟಿ. ಇಂಜೆಕ್ಷನ್ ಧನುರ್ವಾಯುವಿಗೆ, ರೇಬಿಸ್‌ಗೂ ಅದಕ್ಕೂ ಸಂಬಂಧ ಇಲ್ಲ. ಅದೊಂದು ಹಾಕಿಸಿ ಮನೆಗೆ ಬಂದರೆ ನಾಯಿ ಕಚ್ಚಿದ್ದಕ್ಕೆ ಏನೂ ಮಾಡಿಸದ ಹಾಗೇ. ಗರ್ಭಿಣಿಯರು, ಎದೆಹಾಲು ಕುಡಿಸುವವರು ಧೈರ್ಯವಾಗಿ ರೇಬಿಸ್ ಲಸಿಕೆ ಹಾಕಿಸಿಕೊಳ್ಳಬಹುದು, ಮಗುವಿಗೆ ತೊಂದರೆ ಇಲ್ಲ. ಹಿಂದೆ ಒಮ್ಮೆ ಪೂರ್ತಿ ಕೋರ್ಸ್ ಆಗಿದ್ದರೆ ಎರಡೇ ಡೋಸ್ ಸಾಕು, 0 ಮತ್ತು 3ನೇ ದಿನ, ಸೀರಮ್ಮೂ ಬೇಡ. ಅದಕ್ಕೇ ಹಳೇ ಚೀಟಿಯನ್ನು ಎಸೆಯಬಾರದು.

ಮೂರನೇ ಡೋಸ್ ತನಕ ಎಲ್ಲರಿಗೂ ಭಯ ಇರುತ್ತೆ, ತಪ್ಪದೆ ಹೋಗ್ತಾರೆ. ಗಾಯ ಒಣಗಿ, ಮಗ ಮತ್ತೆ ಅದೇ ನಾಯಿಗೆ ಬಿಸ್ಕತ್ ಹಾಕಲು ಶುರು ಮಾಡಿದ ಮೇಲೆ ಉಳಿದದ್ದು ಮರೆತುಹೋಗುತ್ತದೆ. ಆಸ್ಪತ್ರೆಯಿಂದ ಬಂದ ರಾತ್ರಿಯೇ ಅಡುಗೆಮನೆ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕ ಬರೆಯುತ್ತೀರಲ್ಲ ಅದರ ಪಕ್ಕದಲ್ಲೇ, ಎಲ್ಲ ತಾರೀಖಿಗೂ ಕೆಂಪು ಪೆನ್ನಿನಲ್ಲಿ ಗುರುತು ಹಾಕಿಡಿ. 28ನೇ ದಿನ ಮುಂದಿನ ತಿಂಗಳಿಗೆ ಬೀಳುತ್ತದೆ, ಹಾಳೆ ತಿರುವಿ ಅಲ್ಲೂ ಬರೆಯಿರಿ.